ಅರ್ಧ ಗಡ್ಡದ ಅಡ

ಸಾಹುಕಾರ ವಿರೂಪಣ್ಣನವರ ಒಂದು ಕೆನ್ನೆ ಬೋಳಿಸಿಯಾಗಿತ್ತು, ಇನ್ನೊಂದರ ತುಂಬ ನೊರೆ. ಅಷ್ಟರಲ್ಲಿ ಕ್ಷೌರಿಕ ಭರಮಪ್ಪನ ಫೋನು ಬಡಕೊಂಡಿತು. ಅವನ ಹೆಂಡತಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಎಂಟುನೂರು ಕಟ್ಟಿದರೇ ಪ್ಲಾಸ್ಟರ್ ಎಂದಿತ್ತು ಆಸ್ಪತ್ರೆ.

"ಸಾವ್ಕಾರ್ರ, ಎಂಟುನೂರು ಕೊಡ್ರಿ. ಶನಿವಾರ ಮುಟ್ಟಸ್ತೀನಿ."

"ಅಡ ಇಡದ ನಮ್ಮಪ್ಪಗೂ ಸಾಲ ಕೊಟ್ಟಾಂವಲ್ಲ ನಾನು. ಲಗೂ ಮುಗಸು. ಹನ್ನೊಂದಕ್ಕ ಮಗಳನ್ನ ನೋಡಾಕ ಗಂಡಿನವರು ಬರ್ತಾರ."

ಭರಮಪ್ಪ ಕತ್ತಿ ಒರೆಸಿಟ್ಟು ಚಪ್ಪಲಿ ಮೆಟ್ಟಿದ.

"ಎಲ್ಲಿಗೋ?"

"ರೊಕ್ಕ ಹುಡಕಾಕ್ರಿ. ಕೈ ನಡಗಾಕತ್ತಾವು, ಈಗ ಕತ್ತಿ ಹಿಡದ್ರ ನಿಮ್ಮ ಮೀಸೀಗೇ ಕುತ್ತು. ಸಂಜೀಕ ಬರ್ತೀನಿ."

"ಉಳಿದ ಅರ್ಧ ಗಡ್ಡ?"

"ಅದನ್ನ ಅಡ ಅಂತ ಇಟಗೋರಿ."

ಊರಲ್ಲಿ ಇನ್ನೊಂದು ಕ್ಷೌರದಂಗಡಿ ಇರಲಿಲ್ಲ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಸಾಹುಕಾರರು ಹಲ್ಲು ಕಡಿಯುತ್ತ, ನೊರೆ ಮೆತ್ತಿದ ಬೆರಳಲ್ಲೇ ಫೋನು ಒತ್ತಿ ಆಸ್ಪತ್ರೆಗೆ ಹಣ ಕಳಿಸಿದರು. ಸ್ವಲ್ಪ ಹೊತ್ತಿಗೆ, ಬಾಗಿಲಲ್ಲೇ ನಿಂತಿದ್ದ ಭರಮಪ್ಪನ ಫೋನಿನಲ್ಲಿ ಅವನ ಹೆಂಡತಿಯೇ ಮಾತಾಡಿದಳು: "ಒಳಗ ಕರಕೊಂಡು ಹೊಂಟಾರ್ರೀ."

ಭರಮಪ್ಪ ಉಸಿರು ಬಿಟ್ಟು ಮತ್ತೆ ಕತ್ತಿ ಎತ್ತಿಕೊಂಡ.

ಸಾಹುಕಾರರು ಕತ್ತು ಮೇಲೆತ್ತಿ ಕೇಳಿದರು: "ಬಡ್ಡಿ ಎಷ್ಟು ಕೊಡ್ತಿ?"

"ಮಾತಾಡಬ್ಯಾಡ್ರಿ ಸಾವ್ಕಾರ್ರ," ಎಂದ ಭರಮಪ್ಪ ಮೆಲ್ಲಗೆ, "ಕತ್ತಿ ಗಂಟಲ ಹತ್ರ ಐತಿ."