ಓದಿದವರ ಸಂಖ್ಯೆ

ಒಂದೂರಲ್ಲಿ ರಾಗಿ ಸಂಶೋಧನಾ ಕೇಂದ್ರ ಇತ್ತಂತೆ. ಅದರ ವೆಬ್‌ಸೈಟು, ಹಳೇ ವರದಿಗಳು ಎಲ್ಲಾ ಕ್ಲೌಡಿಗೆ ಹೋಗ್ಬೇಕಿತ್ತು.

"ಜಾಗ ಕಮ್ಮಿ ಕಣಮ್ಮ. ನನ್ನ ಭಾಷಣಗಳನ್ನ ಹಾಕು, ರಾಗಿ ರೋಗದ ವರದಿಗಳನ್ನ ಅಳಿಸು," ಅಂದ್ರು ನಿರ್ದೇಶಕರು.

ಕ್ಲರ್ಕ್ ಹೊನ್ನಮ್ಮ ವರದಿಗಳ ಪಟ್ಟಿ ನೋಡಿದ್ಲು. ಕೇಂದ್ರದ ಮೂವತ್ತು ವರ್ಷದ ಕೆಲಸ ಅದು! ಆದ್ರೂ ತಣ್ಣಗೆ ಹೇಳಿದ್ಲು: "ಯಾರೂ ಓದದೇ ಇರೋದನ್ನ ಅಳಿಸಿ ಅಂತ ಆದೇಶ ಬರ್ಕೊಡಿ ಸಾರ್."

ಅವ್ರು ಖುಷಿಯಾಗಿ ಸಹಿ ಹಾಕಿದ್ರು. ಹೊನ್ನಮ್ಮ ವೆಬ್‌ಸೈಟಲ್ಲಿ ಓದಿದವರ ಸಂಖ್ಯೆ ತೋರಿಸಿದ್ಲು. ರೋಗದ ವರದಿಗಳಿಗೆ ಒಂಬತ್ತು ಸಾವಿರ. ಭಾಷಣಗಳಿಗೆ ಒಂದು.

"ನೋಡು, ಒಬ್ರಾದ್ರೂ ಓದಿದಾರೆ!"

"ಅದು ನಾನೇ ಸಾರ್. ಫೈಲು ತೆರ್ಕೊಳ್ಳುತ್ತಾ ಅಂತ ನೋಡಿದ್ದೆ."

ನಿರ್ದೇಶಕರು ಆದೇಶವನ್ನ ಚೂರುಚೂರು ಮಾಡಿದ್ರು. "ಇನ್ನಷ್ಟು ಜಾಗ ಕೊಂಡು ಎಲ್ಲಾನೂ ಸಾಗಿಸಿಬಿಡಿ ಹೊನ್ನಮ್ಮಾವ್ರೇ. ಆ ಸಂಖ್ಯೆ ಒಂದನ್ನ ಮಾತ್ರ ಇಲ್ಲೇ ಬಿಡಿ."