ಮೂರನೆಯ ಗೆರೆಯ ಕೀಲಿಯಮ್ಮ

ಇಗರ್ಜಿಯ ಸ್ತೋತ್ರಗಳನ್ನು ನಾಲ್ಕು ಗೆರೆಗಳ ಮೇಲೆ ಬರೆಯತೊಡಗಿದ ದಿನದಿಂದ ಕೀಲಿಯಮ್ಮನದು ಮರ್ಯಾದಸ್ಥ ಮನೆತನ. ಪ್ರತಿ ಸಾಲಿನ ಮೊದಲಲ್ಲಿ ನಿಲ್ಲುವ ಗುರುತು ಆಕೆ; ಆಕೆ ನಿಂತ ಗೆರೆಯೇ ಷಡ್ಜ. ಉಳಿದ ಸ್ವರಗಳೆಲ್ಲ ಆಕೆಯ ಮುಖ ನೋಡಿ ತಮ್ಮ ಹೆಸರು ತಿಳಿಯಬೇಕು. ಚರ್ಮದ ಹಾಳೆ ಹೋಗಿ ಕಂಪ್ಯೂಟರ್ ಬಂದರೂ ಆ ಗತ್ತು ತಗ್ಗಿರಲಿಲ್ಲ.

ಅಲ್ಲಿಗೆ ಸ್ವರ ಸರಿಸುವ ಬಟನ್ ಹೊಸದಾಗಿ ಬಂತು.

"ಅಮ್ಮಾ," ಎಂದಿತು ಬಟನ್, "ಎತ್ತರದ ಸ್ವರಗಳು ಮೇಲಿನ ಸಾಲಿನ ಅಕ್ಷರಗಳನ್ನು ತುಳಿಯುತ್ತಿವೆ. ನಾಳೆ ಶವಸಂಸ್ಕಾರದಲ್ಲಿ ಈ ಹಾಳೆಯನ್ನು ಯಾರೂ ಓದಲಾರರು. ಎಲ್ಲರನ್ನೂ ಒಂದು ಗೆರೆ ಇಳಿಸುತ್ತೇನೆ. ತಾವೂ ಜೊತೆಗೆ ಇಳಿಯಬೇಕು."

"ಮೊನ್ನೆ ಹುಟ್ಟಿದ ನೀನು ನನ್ನನ್ನು ಇಳಿಸುವುದೆ? ಆ ಸ್ವರಗಳನ್ನು ಎಲ್ಲಿಗಾದರೂ ಇಳಿಸಿಕೋ. ನನ್ನ ಮುತ್ತಜ್ಜಿ ನಿಂತದ್ದು ಮೂರನೆಯ ಗೆರೆಯಲ್ಲಿ."

"ತಾವೊಬ್ಬರೇ ಅಲ್ಲೇ ಉಳಿದರೆ ಪ್ರತಿ ಸ್ವರದ ಹೆಸರೂ ಬದಲಾಗಿ ರಾಗ ಕೆಡುತ್ತದೆ."

"ನನಗೇ ರಾಗ ಕಲಿಸುತ್ತೀಯಾ? ಒಂದು ಸಾಲು ಹಾಡಲು ಬಾರದ ಬಟನ್ ನೀನು."

ಗಾಯನದ ಮೇಷ್ಟ್ರು ಬಟನ್ ಒತ್ತಿದರು. ಸ್ವರಗಳು ಇಳಿದವು, ಕೀಲಿಯಮ್ಮ ಕದಲಲಿಲ್ಲ.

ಮರುದಿನ ಹಾಳೆಯಲ್ಲಿದ್ದಂತೆಯೇ ಹಾಡಿದ ತಂಡ ಎರಡನೆಯ ಸಾಲಿಗೆ ತಬ್ಬಿಬ್ಬಾಗಿ ನಿಂತಿತು. ಶವಪೆಟ್ಟಿಗೆ ಹಾಡಿಲ್ಲದೆ ಗುಂಡಿಗೆ ಇಳಿಯಿತು.

ಸಂಜೆ ಮೇಷ್ಟ್ರು ಹಾಳೆ ತೆರೆದಾಗ ಕೀಲಿಯಮ್ಮ ಮೂರನೆಯ ಗೆರೆಯಲ್ಲೇ ನೆಟ್ಟಗೆ ನಿಂತಿದ್ದಳು.

"ನಿನ್ನಿಂದ ನಾಲ್ಕು ಜನರೆದುರು ನನ್ನ ಮನೆತನಕ್ಕೆ ಅವಮಾನವಾಯಿತು," ಎಂದಳು ಬಟನ್‌ಗೆ. "ಕ್ಷಮೆ ಕೇಳು."