ಕಿಟಕಿ ಮುಚ್ಚಿದ ಸಂಜೆಗಳು

ಶಿಷ್ಯ ಕೇಳಿದ: "ಗುರುಗಳೇ, ನಮಗೆ ಬೇಕಾದವರಿಂದಲೇ ನಮಗೆ ತೊಂದರೆಯಾಗುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕೇ, ಸಹಿಸಿಕೊಂಡಿರಬೇಕೇ? ಸಹಿಸಿಕೊಳ್ಳುವುದೇ ದೊಡ್ಡದೆಂದು ನನಗೆ ತೋರುತ್ತದೆ."

ಗುರುಗಳು ಅವನ ಮುಖ ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಮಂಡಕ್ಕಿ ಹುರಿಯುವವನೊಬ್ಬನಿದ್ದ. ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿದಿದ್ದ. ಒಲೆಗೆ ಭತ್ತದ ಹೊಟ್ಟು ಹಾಕುತ್ತಿದ್ದರು. ಅದರ ಹೊಗೆ ಕುಡಿದು ಕುಡಿದು ಅವನ ಶ್ವಾಸಕೋಶ ಕೆಟ್ಟಿತು. ಐವತ್ತೆರಡನೇ ವಯಸ್ಸಿಗೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ.

ವೈದ್ಯರು ಅವನಿಗೆ ಸುಳ್ಳು ಹೇಳಲಿಲ್ಲ. "ಹಾಳಾಗಿರುವುದು ಮರಳಿ ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ದಿನವೂ ಉಸಿರಿನ ಜೊತೆ ಔಷಧಿ ಒಳಗೆಳೆದುಕೋ. ಏದುಸಿರು ಹೆಚ್ಚಾದರೆ, ಕಫದ ಬಣ್ಣ ಬದಲಾದರೆ ಆ ದಿನವೇ ಬಾ" ಎಂದರು. ಹೊರಗೆ ಬಂದು ಅವನ ಹೆಂಡತಿಗೆ ಇನ್ನೊಂದು ಮಾತು ಹೇಳಿದರು. "ಈ ಕಾಯಿಲೆ ಕೆರಳುವುದಕ್ಕೆ ಸಾಮಾನ್ಯವಾಗಿ ಏನೋ ಒಂದು ಕಾರಣ ಇರುತ್ತದೆ. ಕೆರಳುವ ಮುಂಚಿನ ಎರಡು ಮೂರು ದಿನ ಮನೆಯಲ್ಲಿ ಏನು ನಡೆಯಿತೆಂದು ಗಮನಿಸುತ್ತಿರಮ್ಮ. ಕಾರಣ ಸಿಕ್ಕರೆ ಅರ್ಧ ಗೆದ್ದಂತೆ."

ಅವಳು ಗಮನಿಸಿದಳು. ಮೆಣಸಿನಕಾಯಿ ಹುರಿದ ದಿನ ಅವನಿಗೆ ಕೆಮ್ಮು ಹತ್ತುತ್ತಿತ್ತು. ಹುರಿಯುವ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು. ಒಣ ಕಸಬರಿಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದಳು. ಎದುರುಮನೆಯವರು ಬೆಳಿಗ್ಗೆ ಕಸಕ್ಕೆ ಬೆಂಕಿ ಹಾಕುತ್ತಿದ್ದರು. ಹೋಗಿ ಕೇಳಿಕೊಂಡಳು, ಅವರು ನಿಲ್ಲಿಸಿದರು. ನೆಗಡಿಯಾದ ಮೊಮ್ಮಗಳನ್ನು ವಾಸಿಯಾಗುವ ತನಕ ಕರೆತರಬೇಡವೆಂದು ಮಗಳಿಗೆ ಹೇಳಿಕಳಿಸಿದಳು. ಮಗಳು ಬೇಸರಪಟ್ಟುಕೊಂಡಳು. ಆದರೂ ಕರೆತರಲಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಬೇಸಿಗೆಯಲ್ಲಿ ಅವನು ಚೆನ್ನಾಗಿರುತ್ತಿದ್ದ. ಮಳೆಗಾಲ ಬಂದರೆ ಮಾತ್ರ ಕಾಯಿಲೆ ಕೆರಳುತ್ತಿತ್ತು. ಮೊಣಕಾಲಿನ ಮೇಲೆ ಕೈಯೂರಿ ಕುಳಿತು, ಒಂದು ವಾಕ್ಯ ಮುಗಿಸಲಾಗದೆ ಒದ್ದಾಡುತ್ತಿದ್ದ. ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಬೇಕಾಗುತ್ತಿತ್ತು. ಪ್ರತಿ ಸಲವೂ ಮೊದಲಿಗಿಂತ ಕುಗ್ಗಿ ಮನೆಗೆ ಬರುತ್ತಿದ್ದ. ಮೊದಲ ವರ್ಷ ಕೆರೆ ಏರಿಯ ತನಕ ನಡೆಯುತ್ತಿದ್ದವನು ಮೂರನೇ ವರ್ಷಕ್ಕೆ ಬೀದಿಯ ತಿರುವಿನಲ್ಲೇ ನಿಂತುಬಿಡುತ್ತಿದ್ದ. ಐದನೇ ವರ್ಷಕ್ಕೆ ಮನೆಯ ಜಗಲಿಯೇ ಅವನ ಎಲ್ಲೆಯಾಯಿತು. ಇದು ಮಳೆಯ, ಥಂಡಿಯ ಕಾಟವೆಂದು ಅವಳು ತಿಳಿದಿದ್ದಳು. ಕಂಬಳಿ ಹೊದಿಸುತ್ತಿದ್ದಳು, ಬಿಸಿನೀರು ಕೊಡುತ್ತಿದ್ದಳು.

ಅವನಿಗೊಬ್ಬ ಗೆಳೆಯನಿದ್ದ, ದರ್ಜಿ. ಚಿಕ್ಕಂದಿನಿಂದ ಜೊತೆಗಿದ್ದವರು. ದರ್ಜಿ ಪ್ರತಿ ಸಂಜೆ ಅಂಗಡಿ ಮುಚ್ಚಿ ಇವನಲ್ಲಿಗೆ ಬರುತ್ತಿದ್ದ. ಜಗಲಿಯ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದ. ಊರಿನ ಸುದ್ದಿಯೆಲ್ಲ ಹೇಳಿ ನಗಿಸುತ್ತಿದ್ದ. ರೋಗಿ ಇಡೀ ದಿನ ಆ ಒಂದು ಗಂಟೆಗಾಗಿ ಕಾಯುತ್ತಿದ್ದ. ಮಳೆ ಬಂದರೆ ಇಬ್ಬರೂ ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು.

ಆರನೇ ವರ್ಷದ ಮಳೆಗಾಲದಲ್ಲಿ ದರ್ಜಿ ಮಗಳ ಬಾಣಂತನವೆಂದು ಪರವೂರಿಗೆ ಹೋಗಿ ಒಂದು ತಿಂಗಳು ಇದ್ದ. ಆ ತಿಂಗಳು ಬಿಡದೆ ಮಳೆ ಸುರಿಯಿತು. ಕಿಟಕಿ ತೆರೆದ ದಿನವೇ ಇಲ್ಲ. ಆದರೆ ಕಾಯಿಲೆ ಕೆರಳಲಿಲ್ಲ. ದರ್ಜಿ ಮರಳಿದ. ಮೂರನೆಯ ದಿನ ರೋಗಿಯ ಎದೆ ಬಿಗಿಯಿತು.

ಹೆಂಡತಿಗೆ ಆಗ ಹೊಳೆಯಿತು. ಗಂಡನ ಬಳಿ ಕುಳಿತು ಮೆಲ್ಲಗೆ ಹೇಳಿದಳು. "ಇದು ಮಳೆಯಲ್ಲ. ಬೀಡಿಯ ಹೊಗೆ."

"ನನಗೆ ಗೊತ್ತು" ಎಂದ ಅವನು.

"ಯಾವಾಗಿನಿಂದ?"

"ಮೊದಲ ಮಳೆಗಾಲದಿಂದ."

"ಮತ್ತೆ ಹೇಳಲಿಲ್ಲವೇಕೆ?"

ಅವನು ಉಸಿರು ಕೂಡಿಸಿಕೊಂಡು ಹೇಳಿದ. "ಅವನಿಗೆ ಬೀಡಿ ಬಿಟ್ಟು ಒಂದು ಗಳಿಗೆಯೂ ಇರಲಾಗುವುದಿಲ್ಲ. ಹೇಳಿದರೆ ನಾಚಿಕೊಂಡು ಬರುವುದನ್ನೇ ಬಿಡುತ್ತಾನೆ. ಅವನೂ ಬರದಿದ್ದರೆ ನಾನು ಈ ಗೋಡೆ ನೋಡಿಕೊಂಡು ಬದುಕಬೇಕು. ನೀನೂ ಹೇಳಬೇಡ."

ಅವಳು ಹೇಳುವುದಿಲ್ಲವೆಂದು ಮಾತು ಕೊಟ್ಟಳು.

ಆ ಸಲ ಅವನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಮೊದಲ ಮೂರು ದಿನ ಅವನು ಉಳಿಯುತ್ತಾನೆಂದು ವೈದ್ಯರೂ ಹೇಳಲಾರದಾದರು. ದರ್ಜಿ ಅಂಗಡಿ ತೆರೆಯಲಿಲ್ಲ. ಆಸ್ಪತ್ರೆಯ ಅಂಗಳದಲ್ಲೇ ಕುಳಿತಿದ್ದ. ಮೂರನೆಯ ಮಧ್ಯಾಹ್ನ ಅವಳು ಊಟದ ಬುತ್ತಿ ಹಿಡಿದು ಅವನಲ್ಲಿಗೆ ಹೋದಳು. ಅವನು ಬುತ್ತಿ ಮುಟ್ಟಲಿಲ್ಲ.

"ತಂಗೀ, ದೇವರಿಗೆ ಹರಕೆ ಹೊತ್ತಿದ್ದೇನೆ" ಎಂದ. "ಅವನು ಎದ್ದು ಬಂದರೆ ಏನು ಬಿಡು ಅಂದರೂ ಬಿಡುತ್ತೇನೆ ಅಂದಿದ್ದೇನೆ. ಏನು ಬಿಡಬೇಕೋ ತಿಳಿಯುತ್ತಿಲ್ಲ." ಹಾಗೆನ್ನುತ್ತಲೇ ಜೇಬಿನಿಂದ ಬೀಡಿಕಟ್ಟು ತೆಗೆದ.

ಅವಳು ಕೊಟ್ಟ ಮಾತನ್ನು ಮುರಿದಳು. "ಅದನ್ನೇ ಬಿಡಣ್ಣ" ಎಂದಳು. ಮಳೆಗಾಲದ ಸಂಜೆಗಳ ವಿಷಯವನ್ನೆಲ್ಲ ಹೇಳಿದಳು.

ದರ್ಜಿ ಬೀಡಿಕಟ್ಟನ್ನು ನೆಲಕ್ಕೆ ಹಾಕಿದ. "ಅವನಿಗೆ ಗೊತ್ತಿತ್ತೇ?" ಎಂದು ಕೇಳಿದ. ಗೊತ್ತಿತ್ತು ಎಂದಳು. ಅವನು ಎದ್ದು ಹೊರಟುಹೋದ.

ರೋಗಿ ಉಳಿದುಕೊಂಡು ಮನೆಗೆ ಬಂದ. ದರ್ಜಿ ಬರಲಿಲ್ಲ. ದಿನಗಳು ಕಳೆದವು. ರೋಗಿ ಹೆಂಡತಿಯನ್ನು ಏನೂ ಕೇಳಲಿಲ್ಲ. ಕೊಟ್ಟ ಗಂಜಿಯನ್ನು ಅರ್ಧ ಕುಡಿದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ತಾನು ಮಾಡಿದ್ದು ತಪ್ಪಾಯಿತೇನೋ ಎಂದು ಅವಳು ಅಡುಗೆಮನೆಯಲ್ಲಿ ಕುಳಿತು ಅತ್ತಳು.

ಹದಿನೈದನೆಯ ದಿನ ಸಂಜೆ ದರ್ಜಿ ಬಂದ. ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟಿದ್ದ. ಮುಖ ಇಳಿದಿತ್ತು. ಗೆಳೆಯನ ಮಂಚದ ಪಕ್ಕ ಕುಳಿತ.

"ಬೀಡಿ ಬಿಟ್ಟು ಇಪ್ಪತ್ತೊಂದು ದಿನವಾಯಿತು" ಎಂದ. "ನಾಲ್ಕು ಜನರ ಅಂಗಿ ಹಾಳು ಮಾಡಿದೆ. ಮನೆಯವಳ ಮೇಲೆ ರೇಗಿದೆ. ಆದರೆ ನನ್ನ ಸಿಟ್ಟು ಬೀಡಿ ಬಿಟ್ಟದ್ದಕ್ಕಲ್ಲ. ಆರು ವರ್ಷ ನನ್ನ ಕೈಯಿಂದಲೇ ನಿನ್ನ ಎದೆಗೆ ಹೊಗೆ ಹಾಕಿಸಿಕೊಂಡೆಯಲ್ಲ, ಅದಕ್ಕೆ. ನಿನಗಿಂತ ನನಗೆ ಬೀಡಿ ಹೆಚ್ಚು ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಲ್ಲ. ನನ್ನನ್ನು ಒಂದು ಮಾತು ಕೇಳಬೇಡವೇ?"

ರೋಗಿ ಗೆಳೆಯನ ಕೈ ಹಿಡಿದುಕೊಂಡ.

ಅವನು ಮತ್ತೆ ನಾಲ್ಕು ವರ್ಷ ಬದುಕಿದ. ಅಷ್ಟರಲ್ಲಿ ಎರಡೇ ಸಲ ಕಾಯಿಲೆ ಕೆರಳಿತು. ಎರಡು ಸಲವೂ ಕಫದ ಬಣ್ಣ ನೋಡಿದ ದಿನವೇ ದರ್ಜಿ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದ. ಮಳೆಗಾಲದ ಸಂಜೆಗಳಲ್ಲಿ ಇಬ್ಬರೂ ನಕ್ಕು ಮಾತಾಡಿದರು. ಆದರೆ ಕೆರೆ ಏರಿಗೆ ಅವನಿಗೆ ಇನ್ನೊಮ್ಮೆ ಹೋಗಲಾಗಲಿಲ್ಲ. ಆ ಆರು ಮಳೆಗಾಲ ಅವನ ಎದೆಯಿಂದ ಒಯ್ದದ್ದು ಮರಳಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆತಗ್ಗಿಸಿ ಕುಳಿತಿದ್ದ. ಆಮೇಲೆ ಕೇಳಿದ: "ಹಾಗಾದರೆ ಅವನು ಸಹಿಸಿಕೊಂಡದ್ದಕ್ಕೆ ಬೆಲೆಯೇ ಇಲ್ಲವೇ, ಗುರುಗಳೇ? ಪ್ರೀತಿಯಿಂದಲೇ ಅಲ್ಲವೇ ಅವನು ಸುಮ್ಮನಿದ್ದದ್ದು?"

ಗುರುಗಳು ಹೇಳಿದರು: "ನನ್ನ ಪೂಜೆಯ ಧೂಪ ತಾಳಲಾರದೆ ನೀನು ಮೂರು ತಿಂಗಳಿನಿಂದ ಗೋಶಾಲೆಯ ಹಿಂದೆ ಹೋಗಿ ಕೆಮ್ಮುತ್ತಿದ್ದೀಯಂತೆ, ಅದನ್ನು ನಾನು ಅಡುಗೆಯವರ ಬಾಯಿಂದ ಕೇಳಬೇಕಾಯಿತಲ್ಲಪ್ಪ."